ಹುಚ್ಚರಾಯಪ್ಪನ ಓಟದ ಗಾಡಿ

ಹುಚ್ಚರಾಯಪ್ಪನು ಗಾಡಿ ಹೊಡೆಯಲು ಬಾರದವನೇನೂ ಆಗಿರಲಿಲ್ಲ. ಹೊಲಕ್ಕೆ ಗೊಬ್ಬರ ಹೇರುವುದು, ಭತ್ತದ ಚೀಲಗಳನ್ನು ಶಿಕಾರಿಪುರದ ಸಂತೆಗೆ ಮುಟ್ಟಿಸುವುದು, ಮನೆಯ ಹೆಂಗಸರನ್ನು ತವರಿಗೆ ಬಿಟ್ಟುಬರುವುದು, ಇವೆಲ್ಲವನ್ನೂ ಮೀಸೆ ಮೂಡುವುದಕ್ಕೆ ಮೊದಲಿನಿಂದ ಮಾಡಿಕೊಂಡು ಬಂದಿದ್ದನು. ಆದರೆ ಆ ಗಾಡಿಯಲ್ಲಿ ಕುಳಿತು ಕಣ್ಣು ಮುಚ್ಚಿದರೂ ಎತ್ತುಗಳು ತಾವಾಗಿ ಮನೆ ಸೇರುತ್ತಿದ್ದವು. ಓಟದ ಗಾಡಿಯ ಮಾತು ಬೇರೆ. ಅದರ ಮೇಲೆ ನಿಲ್ಲಬೇಕು. ಹಿಡಿದುಕೊಳ್ಳಲು ಗೂಟವಿಲ್ಲ, ಒರಗಲು ಹಲಗೆಯಿಲ್ಲ. ಕೈಯಲ್ಲಿರುವ ಹಗ್ಗವೊಂದೇ ಗತಿ.

ಸುಗ್ಗಿ ಮುಗಿದು ಗದ್ದೆಗಳು ಬರಿದಾದ ಮೇಲೆ ಅವನ ಊರಿನ ಪಕ್ಕದ ಬಯಲಿನಲ್ಲಿ ವರ್ಷಕ್ಕೊಮ್ಮೆ ಈ ಓಟ ನಡೆಯುತ್ತಿತ್ತು. ಒಂದು ಸಲಕ್ಕೆ ಒಂದೇ ಜೋಡಿ. ಹಿರಿಯರೊಬ್ಬರು ಕೈಗಡಿಯಾರ ನೋಡಿ ಸೀಟಿ ಊದಿದರೆ ಗಾಡಿ ಹೊರಡುವುದು. ನಿಮಿಷ ತುಂಬಿ ಎರಡನೆಯ ಸೀಟಿ ಕೇಳಿದಾಗ ಚಕ್ರ ಎಲ್ಲಿರುವುದೋ ಅಲ್ಲಿ ಒಂದು ಗೂಟ ಹೊಡೆಯುವರು. ಸಂಜೆಗೆ ಯಾರ ಗೂಟ ಎಲ್ಲಕ್ಕಿಂತ ದೂರದಲ್ಲಿದೆಯೋ ಅವನು ಗೆದ್ದಂತೆ. ಬಹುಮಾನಕ್ಕೆ ಒಂದು ಹಿತ್ತಾಳೆಯ ಹಂಡೆ. ಹಂಡೆಗಿಂತ ಹೆಚ್ಚಿನದು ಮುಂದಿನ ಸುಗ್ಗಿಯವರೆಗೆ ಚಹಾದಂಗಡಿಗಳಲ್ಲಿ ನಡೆಯುವ ಹೆಸರು.

ಆ ಹೆಸರು ಬಹಳ ಕಾಲದಿಂದ ಚೌಡಪ್ಪನದು. ಚೌಡಪ್ಪನು ಆನವಟ್ಟಿಯ ಕಡೆಯವನು, ಹುಚ್ಚರಾಯಪ್ಪನ ಅಕ್ಕ ವರದಮ್ಮನ ಗಂಡ. ಎತ್ತರದ ಆಳು, ಕೆಂಪು ರುಮಾಲು. ನಾಲಿಗೆಯನ್ನು ಅಂಗುಳಿಗೆ ಒತ್ತಿ ಅವನೊಂದು ಸದ್ದು ಹೊರಡಿಸುತ್ತಿದ್ದನು. ಒಣಗಿದ ಬಿದಿರು ಸೀಳಿದಂತೆ ಕೇಳುವ ಸದ್ದು. ಅದು ಕಿವಿಗೆ ಬಿದ್ದರೆ ಅವನ ಎತ್ತುಗಳು ನೆಲ ಮುಟ್ಟುತ್ತಿವೆಯೋ ಇಲ್ಲವೋ ಎಂಬಂತೆ ಓಡುತ್ತಿದ್ದವು. ಹುಚ್ಚರಾಯಪ್ಪನು ಹುಡುಗನಾಗಿದ್ದಾಗಿನಿಂದ ಬಯಲಿನ ಬದುವಿನ ಮೇಲೆ ನಿಂತು ಇದನ್ನು ನೋಡುತ್ತ ಬಂದವನು. ಒಂದೇ ಒಂದು ಸಲ ತನ್ನ ಎತ್ತು, ತನ್ನ ಗಾಡಿ, ತನ್ನ ಕೈಯಲ್ಲಿ ಹಗ್ಗ, ಜನರೆಲ್ಲ ನೋಡುವಂತೆ ತಾನೇ ನಿಂತು ಹೊಡೆಯಬೇಕು: ಅವನಿಗೆ ಬದುಕಿನಲ್ಲಿ ಬೇರೆ ದೊಡ್ಡ ಆಸೆ ಇರಲಿಲ್ಲ. ತಂದೆಯು ಇರುವವರೆಗೆ ಅದಕ್ಕೆ ಒಪ್ಪಲಿಲ್ಲ. ಐವತ್ತಾರರ ಮಳೆಗಾಲದಲ್ಲಿ ತಂದೆ ತೀರಿಕೊಂಡನು. ಕೊಟ್ಟಿಗೆಯಲ್ಲಿ ಕೆಂದ, ಮೈಲ ಎಂಬ ಎರಡು ಪ್ರಾಯದ ಎತ್ತುಗಳು ಉಳಿದವು. ಆಸೆಯೂ ಉಳಿದಿತ್ತು.

ಆ ವರ್ಷದ ದೀಪಾವಳಿಗೆ ಅಕ್ಕ, ಭಾವ ಬಂದಿದ್ದಾಗ ಊಟದ ಮೇಲೆ ಜಗಲಿಯಲ್ಲಿ ಮಾತು ತೆಗೆದನು.

"ಭಾವ, ಬರೋ ಸುಗ್ಗೀಗೆ ನಾನೂ ಓಟಕ್ಕೆ ನಿಲ್ಬೇಕು ಅಂತ ಮಾಡೀನ್ರಿ."

"ನಿಲ್ಲು ಮಾರಾಯ, ಯಾರು ಬ್ಯಾಡ ಅಂದ್ರು? ಯಾವ ಗಾಡೀಲಿ?"

"ನಮ್ಮನೆ ಗಾಡಿ ಐತಲ್ರಿ."

ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಚೌಡಪ್ಪನು ನಕ್ಕುಬಿಟ್ಟನು. "ಆ ಗೊಬ್ಬರದ ಗಾಡೀಲಾ? ಅದಕ್ಕೆ ಕಟ್ಟಿದ್ರೆ ನಿನ್ನ ಎತ್ತು ನಾಚ್ಕೊಂಡು ಮಲಗ್ತಾವೆ. ನೋಡು ಹುಚ್ರಾಯ, ಹೊಡೆಯೋದು ಎಂಥಾ ದೊಡ್ಡ ವಿದ್ಯೆ ಅಲ್ಲ. ಗಾಡಿ ಸರಿಯಾಗಿದ್ರೆ ಕೂಸು ಹಗ್ಗ ಹಿಡಿದ್ರೂ ಓಡ್ತದೆ. ಮೊದ್ಲು ಗಾಡಿ ಕಟ್ಸು. ಹೊಡೆಯೋದ ನಾನು ಕಲಿಸ್ತೀನಿ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿಮ್ಮಮ್ಮನು ಬಾಗಿಲಿಗೆ ಬಂದು ನಿಂತಳು. "ನಮ್ಮ ಗಾಡೀಲೇ ನಾಕು ದಿನ ಓಡ್ಸಿ ನೋಡ್ರಿ ಮೊದ್ಲು. ಬಿದ್ರೆ ನಮ್ಮ ಹೊಲದಾಗೇ ಬೀಳ್ತೀರಿ. ಯಾರು ನೋಡಾಕೆ ಬರ್ತಾರೆ?"

"ತಂಗೀ, ಅಡಿಗೆ ನಿಂದು, ಗಾಡಿ ನಂದು," ಎಂದನು ಚೌಡಪ್ಪ. ಎಲ್ಲರೂ ನಕ್ಕರು. ಹುಚ್ಚರಾಯಪ್ಪನೂ ನಕ್ಕನು.

ಗಾಡಿ ಕಟ್ಟುವ ಬಡಗಿಯನ್ನೂ ಚೌಡಪ್ಪನೇ ಗೊತ್ತುಮಾಡಿದನು. ಜಡೆಯ ಗುತ್ಯಪ್ಪನ ಕೈ ಮುಟ್ಟದ ಗಾಡಿ ಗಾಡಿಯೇ ಅಲ್ಲವೆಂದು ಅವನ ಮಾತು. ಶಿಕಾರಿಪುರದಲ್ಲಿ ಬಡಗಿಗಳಿಗೆ ಬರವಿರಲಿಲ್ಲ; ಆದರೂ ಹುಚ್ಚರಾಯಪ್ಪನು ಬಸ್ಸು ಹತ್ತಿ, ಆನವಟ್ಟಿಯಲ್ಲಿ ಇಳಿದು, ಅಲ್ಲಿಂದ ಸಿಕ್ಕಿದ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಜಡೆಗೆ ಹೋಗಿಬರತೊಡಗಿದನು. ನೊಗ ಕಟ್ಟುವ ಉದ್ದನೆಯ ಮೂಕಿಯ ಮರಕ್ಕೆಂದು ಚಂದ್ರಗುತ್ತಿಯ ಕಡೆಗೂ ಅಲೆದನು. ಗುತ್ಯಪ್ಪನು ಒಳ್ಳೆಯ ಕೆಲಸಗಾರ, ಆದರೆ ಹೇಳಿದ ದಿನಕ್ಕೆ ಕೆಲಸ ಮುಗಿಸಿದ ದಾಖಲೆ ಇಲ್ಲ.

"ಇವತ್ತು ಅಮಾಸೆ ಮಾರಾಯ್ರೆ, ಉಳಿ ಮುಟ್ಟಾಂಗಿಲ್ಲ."

"ಹೋದ ವಾರ ಬಂದಾಗ್ಲೂ ಅಮಾಸೆ ಅಂದಿದ್ರಲ್ರಿ."

"ಹೋದ ವಾರದ್ದು ಮರಕ್ಕೆ ಅಮಾಸೆ. ಇವತ್ತಿಂದು ನಂಗೆ."

ಹೀಗಿದ್ದರೂ ಹುಚ್ಚರಾಯಪ್ಪನಿಗೆ ಬೇಸರವಾಗುತ್ತಿರಲಿಲ್ಲ. ಗಾಡಿಯ ಕೆಲಸದ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಚಕ್ರದ ನಡುವಿನ ಗುಂಬವನ್ನು ಜಾಲಿಯ ಮರದಲ್ಲಿ ಕಡೆಯುವುದನ್ನು ಹತ್ತಿರ ಕುಳಿತು ನೋಡಿದನು. ಕಾದ ಕಬ್ಬಿಣದ ಹಳಿಯನ್ನು ಬೆರಣಿಯ ಬೆಂಕಿಯಿಂದ ಇಕ್ಕಳದಲ್ಲಿ ಎತ್ತಿ, ಚಕ್ರಕ್ಕೆ ತೊಡಿಸಿ, ನೀರು ಸುರಿದಾಗ ಚುಂಯ್ ಎಂದು ಏಳುವ ಹೊಗೆಯ ನಡುವೆ ತಾನೂ ಕೊಡ ಹಿಡಿದು ನಿಂತನು. ಹಳಿ ತಣ್ಣಗಾಗುತ್ತ ಮರವನ್ನು ಬಿಗಿಯಾಗಿ ಕಚ್ಚುವ ಸದ್ದಿಗೆ ಕಿವಿಯೊಡ್ಡಿದನು. ಓಟವನ್ನು ಅರ್ಧ ಗೆದ್ದೇಬಿಟ್ಟೆನೆಂದುಕೊಂಡನು.

ಗಾಡಿ ಮನೆಗೆ ಬಂದ ದಿನ ಪೂಜೆಯಾಯಿತು. ಆ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ನಡೆ ಇತ್ತು. ಹೊಸ ಗಾಡಿಯ ಹಗ್ಗವನ್ನು ಮೊದಲು ಹಿಡಿಯಬೇಕಾದವನು ಮನೆಯ ಅಳಿಯ. ಅವನು ಹಿಡಿದ ಹಗ್ಗವನ್ನು ಅವನಾಗಿ ಕೊಡುವವರೆಗೆ ಮನೆಯವರು ಕೇಳಬಾರದು. ಕೇಳಿದರೆ ಉಣ್ಣುತ್ತಿರುವ ಅಳಿಯನ ಮುಂದಿನ ಎಲೆ ಎಳೆದಷ್ಟೇ ತಪ್ಪು. ಸಾಮಾನ್ಯವಾಗಿ ಅಳಿಯನಾದವನು ಊರ ಬಾಗಿಲವರೆಗೆ ಹೋಗಿಬಂದು, ನಗುತ್ತ ಹಗ್ಗವನ್ನು ಭಾವಮೈದುನನ ಕೈಗಿಡುತ್ತಿದ್ದನು. ಚೌಡಪ್ಪನೂ ಊರ ಬಾಗಿಲವರೆಗೆ ಹೋದನು. ಅಲ್ಲಿಂದ ಬಯಲಿಗೆ ಹೋದನು. ನಾಲಿಗೆಯ ಸದ್ದು ಹೊರಡಿಸಿ ಕೆಂದ ಮೈಲರನ್ನು ಎರಡು ಸುತ್ತು ಓಡಿಸಿದನು. ಬಂದು ಇಳಿದವನು ಹಗ್ಗವನ್ನು ಕೊಡಲಿಲ್ಲ. ನೊಗಕ್ಕೆ ಸುತ್ತಿ, ತಲೆ ಅಲ್ಲಾಡಿಸಿದನು.

"ಗುಂಬ ಭಾರ ಆಯ್ತು. ಎಡಗಡೆ ಎಳೀತದೆ. ಈ ಸುಗ್ಗಿಗೆ ಬ್ಯಾಡ ಹುಚ್ರಾಯ. ಅವಸರ ಮಾಡಿದ್ರೆ ಜನ ನಗ್ತಾರೆ."

ಆ ಸುಗ್ಗಿಯಲ್ಲಿ ಹುಚ್ಚರಾಯಪ್ಪನು ಮತ್ತೆ ಬದುವಿನ ಮೇಲೆಯೇ ನಿಂತನು. ಚೌಡಪ್ಪನು ತನ್ನ ಸ್ವಂತ ಜೋಡಿಯೊಂದಿಗೆ ಓಡಿದನು. ಅವನ ಎತ್ತುಗಳಿಗೆ ವಯಸ್ಸಾಗಿತ್ತು. ಬಾಯಿಯಲ್ಲಿ ನೊರೆ ಬಂದರೂ ಅವನ ಗೂಟ ಎರಡನೆಯದಾಯಿತು. ಹಂಡೆಯನ್ನು ಬೇರೆಯವರು ಒಯ್ದರು. ಮನೆಗೆ ಬರುವಾಗ ಭಾವನು ತಲೆ ತಗ್ಗಿಸಿಕೊಂಡು ಎತ್ತುಗಳ ಹಿಂದೆ ನಡೆದನು. ಪಾಪ ಎನಿಸಿತು ಹುಚ್ಚರಾಯಪ್ಪನಿಗೆ.

ಮುಂದಿನ ವರ್ಷವಿಡೀ ಗಾಡಿಯನ್ನು ಬಿಚ್ಚಿ ಕಟ್ಟುವುದೇ ಕೆಲಸವಾಯಿತು. ಗುಂಬ ಬದಲಾಯಿತು, ಅಚ್ಚು ಬದಲಾಯಿತು. ಹಲಗೆ ತೆಗೆದು ಬಿದಿರಿನ ತಟ್ಟಿ ಹಾಕಿದರು. ಚೌಡಪ್ಪನು ಈಗ ವಾರಕ್ಕೊಮ್ಮೆ ಬರತೊಡಗಿದನು. ಬಂದಾಗಲೆಲ್ಲ ಅವನೇ ಗಾಡಿಯೇರಿ ಬಯಲಿನಲ್ಲಿ ಓಡಿಸುವನು. ಹುಚ್ಚರಾಯಪ್ಪನು ಹಿಂದೆ ಓಡುತ್ತ ಅಚ್ಚು ಬಿಸಿಯಾಯಿತೇ, ಚಕ್ರ ಕಳಚದಂತೆ ಹೊಡೆದ ಕಡಾಣಿ ಸಡಿಲವಾಯಿತೇ ಎಂದು ನೋಡಿ, ಹರಳೆಣ್ಣೆ ಬಿಡುವನು.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟನು, ಹಗ್ಗವನ್ನಲ್ಲ, ಜಾಗವನ್ನು ಮಾತ್ರ. "ಭಾವ, ಒಂದ್ಸಲ ನಿಮ್ಮ ಬೆನ್ನಿಗೆ ನಾನೂ ಹತ್ಲೇನ್ರಿ?"

"ನೀ ಹತ್ತಿದ್ರೆ ಚಕ್ರ ನೋಡೋರು ಯಾರು? ಮೇಲಿದ್ದೋನಿಗೆ ಅಚ್ಚಿನ ಕೂಗು ಕೇಳಂಗಿಲ್ಲ. ನಿನ್ನ ಕಿವಿ ಚಲೋ ಅದೆ, ಅದಕ್ಕೇ ನಿನ್ನ ಕೆಳಗಿಟ್ಟಿದ್ದು."

ಕಿವಿ ಚೆನ್ನಾಗಿದೆಯೆಂಬ ಹೊಗಳಿಕೆಗೆ ಹುಚ್ಚರಾಯಪ್ಪನು ಉಬ್ಬಿಹೋದನು. ಮನೆಗೆ ಬಂದು ಹೆಂಡತಿಗೂ ಹೇಳಿದನು.

"ಕಿವಿ ಚಲೋ ಐತೆ ಅಂತ ನಿಮ್ಮನ್ನ ಹಿಂದೆ ಓಡ್ಸಿದ್ರು. ಎತ್ತಿಗೂ ಕಿವಿ ಅದಾವಲ್ರಿ, ಅವು ಯಾರ ದನಿ ಕಲೀತಾ ಅದಾವೆ ನೋಡೀರಾ?" ಎಂದಳು ತಿಮ್ಮಮ್ಮ.

ಆ ಮಾತು ಅವನನ್ನು ಚುಚ್ಚಿತು. ಭಾವ ಬರದ ಒಂದು ವಾರ, ಬೆಳಗಿನ ಜಾವ ಕೆಂದ ಮೈಲರನ್ನು ಹೊಸ ಗಾಡಿಗೆ ಹೂಡಿ ಒಬ್ಬನೇ ಬಯಲಿಗೆ ಹೋದನು. ನಿಂತು, "ಹೋಯ್ ಹೋಯ್" ಎಂದನು. ಎತ್ತುಗಳು ಕದಲಲಿಲ್ಲ. ಕತ್ತು ತಿರುಗಿಸಿ, ಮೇಲೆ ನಿಂತವನು ಯಾರೆಂದು ನೋಡಿದವು. ಬೆನ್ನಿಗೆ ಹಗ್ಗ ಬೀಸಿದಾಗ ಒಮ್ಮೆಲೇ ನುಗ್ಗಿದವು. ಅವನ ಕಾಲು ತಟ್ಟಿಯ ಮೇಲೆ ಜಾರಿತು. ಗಾಡಿ ಬೇಲಿಗೆ ಉಜ್ಜಿತು. ಅವನು ಮುಳ್ಳಿನ ಮೇಲೆ ಬಿದ್ದನು. ಮೊಣಕೈ ತರಚಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಗುಂಬದಿಂದ ಚಕ್ರದ ಅಂಚಿಗೆ ಹೋಗುವ ಒಂದು ಅರೆಕಾಲು ಬಿರುಕು ಬಿಟ್ಟಿದ್ದನ್ನು ಕಂಡು ಅಳುವೇ ಬಂದಿತು.

ತಿಮ್ಮಮ್ಮನು ಮುಳ್ಳು ತೆಗೆಯುತ್ತ ನಗುತ್ತಿದ್ದಳು. "ಇನ್ನೂ ಹತ್ತು ಸಲ ಬೀಳ್ರಿ. ಬರ್ತದೆ."

"ಹತ್ತು ಸಲ ಬಿದ್ರೆ ಗಾಡಿ ಏನಾಗ್ಬೇಕೇ?"

"ಗಾಡಿ ಏನಾದ್ರೂ ಆಗ್ಲಿ. ಗೊಬ್ಬರದ ಗಾಡೀಲಿ ಬೀಳ್ರಿ ಅಂತ ಅವತ್ತೇ ಅಂದೆ."

ಮುಂದಿನ ವಾರ ಚೌಡಪ್ಪನು ಬಿರುಕನ್ನು ನೋಡಿ ಹಣೆ ಬಡಿದುಕೊಂಡನು. "ವರ್ಷಪೂರ್ತಿ ಮಾಡಿದ ಕೆಲಸ ಕಣೋ! ಇಂಥಾ ಗಾಡೀನ ಕಲಿಯೋಕೆ ಹತ್ತೋದಾ? ಓಟದ ದಿನ ಹತ್ತು. ಅಲ್ಲೀವರೆಗೆ ಮುಟ್ಟಬ್ಯಾಡ."

ಹುಚ್ಚರಾಯಪ್ಪನಿಗೆ ಅದೂ ನಿಜವೆನಿಸಿತು. ಗಾಡಿ ಅಷ್ಟು ಚೆನ್ನಾಗಿತ್ತು. ತನ್ನಂಥ ಹೊಸಬನ ಕೈಯಿಂದ ಅದನ್ನು ಕಾಪಾಡಬೇಕೆಂದು ಅವನೇ ತೀರ್ಮಾನಿಸಿದನು. ಗೊಬ್ಬರದ ಗಾಡಿಯಲ್ಲಿ ನಿಂತು ಕಲಿಯುವುದಕ್ಕೆ ನಾಚಿಕೆ. ಹೊಸ ಗಾಡಿಯಲ್ಲಿ ಕಲಿಯುವುದಕ್ಕೆ ಹೆದರಿಕೆ. ಹೀಗೆ ಆ ವರ್ಷವೂ ಕಳೆಯಿತು.

ಓಟದ ಹಿಂದಿನ ವಾರ ವರದಮ್ಮನು ತವರಿಗೆ ಬಂದಳು. ಕೊಂಬಿಗೆ ಕಟ್ಟುವ ಉಣ್ಣೆಯ ಗೊಂಡೆಗಳನ್ನು ಹಗಲೆಲ್ಲ ಕುಳಿತು ಹೆಣೆದಳು. ತಮ್ಮನು ಪಕ್ಕದಲ್ಲಿ ಕುಳಿತು ನೂಲು ಹಿಡಿದುಕೊಟ್ಟನು.

"ಹಸುರು ಯಾಕಕ್ಕಾ? ನಮ್ಮೂರಿನೋರು ಕೆಂಪು ಕಟ್ತೀವಲ್ಲ."

ವರದಮ್ಮನು ತಲೆ ಎತ್ತಲಿಲ್ಲ. "ಇರ್ಲಿ ಬಿಡೋ ತಮ್ಮಾ. ಮೈಲನ ಬಿಳಿ ಮೈಗೆ ಹಸುರೇ ಒಪ್ತದೆ."

ಓಟದ ದಿನ ಬಯಲಿನ ಎರಡೂ ಬದುಗಳು ಜನರಿಂದ ತುಂಬಿದ್ದವು. ಹುಚ್ಚರಾಯಪ್ಪನು ಹೊಸ ಪಂಚೆ ಉಟ್ಟು, ರುಮಾಲು ಸುತ್ತಿ, ಗಾಡಿಯ ಪಕ್ಕದಲ್ಲಿ ನಿಂತಿದ್ದನು. ಎರಡು ಸುಗ್ಗಿ ಕಾದ ಹಗ್ಗ ಭಾವನ ಮುಂಗೈಗೆ ಸುತ್ತಿತ್ತು. ಸರದಿ ಬಂದಾಗ ಕೊಡುವನೆಂದು ಇವನು ಸುಮ್ಮನಿದ್ದನು. ಅಷ್ಟರಲ್ಲಿ ಕೂಗುವವನು ತಮಟೆ ಬಡಿದು ಗಂಟಲೆತ್ತಿದನು.

"ಈಗ ಬರ್ತಾ ಐತೆ ನೋಡ್ರಪ್ಪೋ! ಆನವಟ್ಟಿ ಕಡೆ ಚೌಡಪ್ಪನ ಜೋಡಿ! ಎತ್ತು ಚೌಡಪ್ಪಂದು, ಗಾಡಿ ಚೌಡಪ್ಪಂದು, ಹೊಡೆಯೋನು ಚೌಡಪ್ಪ!"

ಹುಚ್ಚರಾಯಪ್ಪನು ನಗುತ್ತಲೇ ಭಾವನ ಕಡೆ ತಿರುಗಿದನು. "ತಪ್ಪು ಕೂಗ್ತಾನೆ ನೋಡ್ರಿ ಭಾವ. ಹೇಳಿಬರ್ಲೇನು?"

"ತಪ್ಪೇನಿಲ್ಲ. ನಾನೇ ಬರ್ಸಿದ್ದು," ಎಂದನು ಚೌಡಪ್ಪ. ದನಿ ತಗ್ಗಿಸಿ ಮುಂದುವರಿಸಿದನು: "ನೋಡು, ನನ್ನ ಎತ್ತು ಮುದುಕಾದ್ವು. ಹೋದ ವರ್ಷ ಆದ ಅವಮಾನ ನೀ ನೋಡೀಯ. ನಿನ್ನ ಎತ್ತು ನನ್ನ ದನಿ ಕಲ್ತಾವೆ. ನಿನ್ನ ಹೆಸ್ರು ಬೇರೆ, ನನ್ನ ಹೆಸ್ರು ಬೇರೆನಾ? ಹೆಂಗೂ ನಿಂಗೆ ಹೊಡೆಯೋಕೆ ಬರಂಗಿಲ್ಲ."

"ಕಲಿಸ್ತೀನಿ ಅಂದಿದ್ರಲ್ರಿ."

ಚೌಡಪ್ಪನು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡನು.

ಹುಚ್ಚರಾಯಪ್ಪನು ಬದುವಿನ ಕಡೆ ನೋಡಿದನು. ಅಲ್ಲಿ ಹೆಂಗಸರ ನಡುವೆ ಅಕ್ಕ ನಿಂತಿದ್ದಳು; ಕಣ್ಣು ಕೂಡಿದ ಕೂಡಲೇ ಮುಖ ತಿರುಗಿಸಿ ಸೆರಗು ಸರಿಮಾಡಿಕೊಂಡಳು. ಮೈಲನ ಕೊಂಬಿನಲ್ಲಿ ಆನವಟ್ಟಿಯ ಕಡೆಯವರು ಕಟ್ಟುವ ಹಸುರು ಗೊಂಡೆ ಗಾಳಿಗೆ ಆಡುತ್ತಿತ್ತು. ಅದಕ್ಕೆ ಬೇಕಾದ ನೂಲನ್ನು ತಾನೇ ಹಿಡಿದು ಕೊಟ್ಟಿದ್ದನು. ಭಾವನದು ಹೋಗಲಿ, ಅವನು ಹೊರಗಿನಿಂದ ಬಂದವನು. ಅಕ್ಕ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಆಗ ಅವನು ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದನು. ಕೈ ಚಾಚಿದನು.

"ಭಾವ, ಹಗ್ಗ ಕೊಡ್ರಿ."

ಹತ್ತಿರವಿದ್ದವರು ತಿರುಗಿ ನೋಡಿದರು. ಒಬ್ಬ ಮುದುಕನು "ಏ ಹುಚ್ರಾಯ, ಅಳಿಯನ್ನ ಹಂಗೆಲ್ಲ ಕೇಳಬಾರ್ದೋ" ಎಂದನು. ಹುಚ್ಚರಾಯಪ್ಪನ ಕೈ ಹಿಂದೆ ಸರಿಯಲಿಲ್ಲ. ಚೌಡಪ್ಪನ ಮುಖ ಕಪ್ಪಿಟ್ಟಿತು. ಜನರೆದುರು ಎಳೆದಾಡುವಂತಿರಲಿಲ್ಲ; ಎತ್ತು ಯಾರವೆಂದು ಊರಿಗೆಲ್ಲ ಗೊತ್ತಿತ್ತು. ಹಗ್ಗವನ್ನು ಬಿಚ್ಚಿ ಭಾವಮೈದುನನ ಅಂಗೈಗೆ ಹಾಕಿದನು.

"ತಗಾ. ಹೊಡಿ ನೋಡಾನ."

ಹುಚ್ಚರಾಯಪ್ಪನು ಗಾಡಿಯೇರಿದನು. ಬಿದಿರಿನ ತಟ್ಟಿ ಕಾಲಡಿಯಲ್ಲಿ ಮಿಡಿಯಿತು. ಅದರ ಒಂದೊಂದು ಕೀಲನ್ನೂ ಬಲ್ಲವನು ಅವನು. ಎಲ್ಲಿ ಕಾಲಿಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಸೀಟಿಯಾಯಿತು. "ಹೋಯ್!" ಎಂದನು. ಎತ್ತುಗಳು ಒಂದು ಗಳಿಗೆ ಅನುಮಾನಿಸಿದವು. ಬಳಿಕ, ಇಷ್ಟು ವರ್ಷ ಮೇವು ಹಾಕಿದ ದನಿಯೆಂದೋ ಏನೋ, ಹೊರಟವು. ಮೊದಲು ನಿಧಾನ, ಆಮೇಲೆ ಓಟ. ಗಾಳಿ ಮುಖಕ್ಕೆ ಬಡಿಯಿತು. ಗಾಡಿ ಎಡಕ್ಕೆ ಎಳೆಯಲಿಲ್ಲ, ಬಲಕ್ಕೆ ಎಳೆಯಲಿಲ್ಲ. ನೀರಿನ ಮೇಲೆ ಹೋದ ಹಾಗೆ ಹೋಯಿತು. ಹುಚ್ಚರಾಯಪ್ಪನು ಮೊಣಕಾಲು ಬಗ್ಗಿಸಿದನು. ಬಗ್ಗಿಸಿದರೆ ನಿಲ್ಲಬಹುದೆಂದು ಆಗ ತಿಳಿಯಿತು. "ಹಂಗೇ! ಹಂಗೇ!" ಎಂದು ಬದುವಿನ ಮೇಲಿನಿಂದ ತಿಮ್ಮಮ್ಮನ ದನಿ ಕೇಳಿಸಿತು.

ಆಗ ಹಿಂದಿನಿಂದ ಒಣ ಬಿದಿರು ಸೀಳಿದಂಥ ಸದ್ದು ಬಂದಿತು.

ಕೆಂದ, ಮೈಲ ಎರಡೂ ಒಮ್ಮೆಗೇ ಕಿವಿ ನಿಮಿರಿಸಿದವು. ಆ ಸದ್ದಿದ್ದ ಕಡೆಗೆ ಕತ್ತು ಹೊರಳಿಸಿ, ಬಯಲನ್ನು ಬಿಟ್ಟು ಬದುವಿನ ಕಡೆ ತಿರುಗಿದವು. ಹಳಬನಾಗಿದ್ದರೆ ಹಗ್ಗ ಸಡಿಲಿಸಿ, ಮೈಯನ್ನು ಹೊರಗೆ ವಾಲಿಸಿ ಉಳಿದುಕೊಳ್ಳುತ್ತಿದ್ದನು. ಹುಚ್ಚರಾಯಪ್ಪನು ಹಗ್ಗವನ್ನು ಎಳೆದು ಹಿಡಿದನು. ಮರುಕ್ಷಣ ಅವನು ಗದ್ದೆಯ ಕೂಳೆಯ ಮೇಲೆ ಬೋರಲಾಗಿ ಬಿದ್ದಿದ್ದನು. ಎತ್ತುಗಳು ಚೌಡಪ್ಪನ ಮುಂದೆ ಹೋಗಿ ನಿಂತು ಉಸಿರು ಬಿಡುತ್ತಿದ್ದವು.

ಜನ ನಕ್ಕರು. ಕೆಲವರು ನಗಲಿಲ್ಲ, ಸದ್ದನ್ನು ಅವರೂ ಕೇಳಿದ್ದರು.

ಅವನು ತುಟಿಯ ರಕ್ತ ಒರೆಸಿಕೊಂಡು ನಡೆದುಬಂದನು. ಅಭ್ಯಾಸದಂತೆ ಮೊದಲು ಚಕ್ರವನ್ನು ಸವರಿ ನೋಡಿದನು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಬಾಯಿ ತಪ್ಪಿ ಬಂತು ಹುಚ್ರಾಯ," ಎಂದನು ಚೌಡಪ್ಪ.

ಹುಚ್ಚರಾಯಪ್ಪನು ಎತ್ತುಗಳನ್ನು ನೊಗದಿಂದ ಬಿಚ್ಚಿದನು. ಹಸುರು ಗೊಂಡೆಗಳನ್ನು ಕೊಂಬಿನಿಂದ ಕಳಚಿ, ಗಾಡಿಯ ತಟ್ಟಿಯ ಮೇಲೆ ಇಟ್ಟನು. ಆಮೇಲೆ ಹೇಳಿದನು:

"ಗಾಡಿ ನೀವೇ ಇಟ್ಕಳ್ರಿ ಭಾವ. ನಿಮ್ಮ ಕೈಗೆ ತಕ್ಕಂಗೇ ಕಟ್ಟೀನಿ. ಎತ್ತು ನಮ್ಮವು."

ವರದಮ್ಮನು ಬದುವಿನಿಂದ ಇಳಿದು ಓಡಿಬಂದಳು. "ತಮ್ಮಾ, ಅವರು ಕೆಟ್ಟ ಮನಸ್ನಿಂದ ಮಾಡ್ಲಿಲ್ಲೋ. ಹೋದ ವರ್ಷದಿಂದ ಸರಿಯಾಗಿ ಉಂಡಿಲ್ಲ ಅವರು. ನಾ ಏನ್ ಮಾಡ್ಲಿ?"

"ನಂಗೆ ಒಂದ್ ಮಾತು ಹೇಳ್ಬೇಕಿತ್ತಕ್ಕಾ. ನೂಲು ಹಿಡಿಯೋವಾಗ್ಲಾದ್ರೂ."

ಅವನು ಎತ್ತುಗಳ ಮೂಗುದಾರ ಹಿಡಿದು ಗದ್ದೆಗಳ ನಡುವೆ ಮನೆಗೆ ನಡೆದನು. ಹಿಂದೆ ತಿಮ್ಮಮ್ಮನು ಅವನ ರುಮಾಲನ್ನು ಕೊಡವುತ್ತ ಬರುತ್ತಿದ್ದಳು. ಆ ದಿನ ಅವಳು ಒಂದು ಚುಚ್ಚುಮಾತನ್ನೂ ಆಡಲಿಲ್ಲ.

ಮರುದಿನ ಹುಚ್ಚರಾಯಪ್ಪನು ಗೊಬ್ಬರದ ಗಾಡಿಯನ್ನು ಖಾಲಿಮಾಡಿ, ಕೆಂದ ಮೈಲರನ್ನು ಹೂಡಿ, ತನ್ನ ಹೊಲದಲ್ಲಿಯೇ ನಿಂತು ಓಡಿಸಿದನು, ಬಿದ್ದನು. ಮಾರನೆಯ ದಿನವೂ ಬಿದ್ದನು. ದಾರಿಹೋಕರು ನಗುತ್ತಿದ್ದರು, ಅವನಿಗೆ ಈಗ ನಾಚಿಕೆ ಉಳಿದಿರಲಿಲ್ಲ. ಮುಂದಿನ ಸುಗ್ಗಿಯಲ್ಲಿ ಆ ಹಳೆಯ ಗಾಡಿಯನ್ನೇ ಬಯಲಿಗೆ ತಂದನು. "ಗೊಬ್ಬರ ಇಳಿಸಿ ಬಂದ್ಯೇನೋ?" ಎಂದು ಯಾರೋ ಕೂಗಿದರು. ಕೊಂಬಿನಲ್ಲಿ ಕೆಂಪು ಗೊಂಡೆ, ತಿಮ್ಮಮ್ಮನು ಹೆಣೆದದ್ದು. ಅವನ ಗೂಟ ಎಲ್ಲರಿಗಿಂತ ಹಿಂದೆ ಬಿದ್ದಿತು. ಆದರೆ ಅವನು ಬೀಳಲಿಲ್ಲ. ಎರಡನೆಯ ಸೀಟಿಯವರೆಗೆ ನಿಂತೇ ಇದ್ದನು.

ಆ ವರ್ಷದ ಹಂಡೆಯನ್ನು ಗೆದ್ದವನು ಚೌಡಪ್ಪ. ಹೊಸ ಎತ್ತು ಕೊಂಡು, ಹುಚ್ಚರಾಯಪ್ಪನು ಕಟ್ಟಿಸಿದ ಗಾಡಿಯಲ್ಲಿಯೇ ಗೆದ್ದನು. ಹಬ್ಬಕ್ಕೆ ಕರೆಯಲು ಹುಚ್ಚರಾಯಪ್ಪನು ಅಕ್ಕನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಅಕ್ಕ ಬಂದಾಗ ಬಾಗಿನ ಕೊಡುವುದನ್ನೂ ತಪ್ಪಿಸಲಿಲ್ಲ. ಆದರೆ ಅಕ್ಕ ಏನಾದರೂ ಹೆಣೆಯಲು ಕುಳಿತರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನು.

ಒಂದು ದಿನ ಅವನು ಸಂತೆಯಿಂದ ಬರುತ್ತಿದ್ದಾಗ ಎದುರಿನಿಂದ ಆ ಗಾಡಿ ಬಂದಿತು. ಚೌಡಪ್ಪನು ದೂರದಿಂದಲೇ ತನ್ನ ಹೊಸ ಎತ್ತುಗಳಿಗೆ ನಾಲಿಗೆಯ ಸದ್ದು ಹೊರಡಿಸಿದನು. ಕೆಂದ ಮೈಲರ ಕಿವಿ ನಿಮಿರಿತು, ಕಾಲು ಚುರುಕಾಯಿತು. ಹುಚ್ಚರಾಯಪ್ಪನು ಹಗ್ಗವನ್ನು ಎಳೆಯಲಿಲ್ಲ. ಈಗ ಕಲಿತಿದ್ದಂತೆ ಸ್ವಲ್ಪ ಸಡಿಲಿಸಿ, ಮೆಲ್ಲಗೆ "ನಿಲ್ರೋ" ಎಂದನು. ಎತ್ತುಗಳು ನಿಂತವು. ಎದುರಿನ ಗಾಡಿ ಧೂಳೆಬ್ಬಿಸಿಕೊಂಡು ದಾಟಿಹೋಯಿತು. ಅದರ ಅಚ್ಚು ಒಣಗಿ ಸಣ್ಣಗೆ ಕೂಗುತ್ತಿದ್ದುದು ಅವನೊಬ್ಬನಿಗೆ ಕೇಳಿಸಿತು. ಧೂಳು ಅಡಗಿತು. ಎತ್ತುಗಳು ಅವನ ಮಾತಿಗೆ ನಿಂತೇ ಇದ್ದವು. ಕಿವಿಗಳು ಮಾತ್ರ ಇನ್ನೂ ಆ ಕಡೆಗೇ ಇದ್ದವು.